ಜಗಳೂರಿಗೆ ಹೋದ ಗೋಡೆ

ನನಗೊಂದು ಚಟವಿದೆ. ನಾಚಿಕೆಪಡುವಂಥದ್ದೇನಲ್ಲ, ಆದರೆ ಹೇಳಿದರೆ ಯಾರೂ ನಂಬುವುದಿಲ್ಲ. ಯಾರದೇ ಮನೆಗೆ ಹೋದರೂ, ಕಾಲು ತೊಳೆದು ಒಳಗೆ ಬಂದವನು ಹಾಸಿದ ಜಮಖಾನೆಯ ಮೇಲೆ ಕೂರುವ ಮೊದಲು ಗೋಡೆಯ ಬಳಿ ಹೋಗಿ ಬಗ್ಗುತ್ತೇನೆ. ನೆಲದಿಂದ ಒಂದು ಮೊಳ ಎತ್ತರದಲ್ಲಿ ಅಂಗೈ ಊರಿ ನೋಡುತ್ತೇನೆ. ಅಂಗೈಗೆ ಅನುಮಾನ ಬಂದರೆ ಕೈ ಮಗುಚಿ ಹಿಂಬದಿಯನ್ನೂ ಇಡುತ್ತೇನೆ. ನಾನೇನೋ ಬೀಳಿಸಿಕೊಂಡು ಹುಡುಕುತ್ತಿದ್ದೇನೆಂದು ಮನೆಯವರು ಲಾಟೀನು ತಂದು ಹಿಡಿದದ್ದುಂಟು. ಒಬ್ಬ ಪುಣ್ಯಾತ್ಮರಂತೂ ನನಗೆ ತಲೆಸುತ್ತು ಬಂದಿದೆಯೆಂದು ತಿಳಿದು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು.

ಚನ್ನಗಿರಿಯಲ್ಲಿ ಸ್ನೇಹಿತರೊಬ್ಬರು ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಬಂದವರೆಲ್ಲ ಬಾಗಿಲ ಕೆತ್ತನೆಯನ್ನು ಹೊಗಳಿದರು, ತೊಲೆಯನ್ನು ಹೊಗಳಿದರು, ಹೋಳಿಗೆಯನ್ನು ಇನ್ನೂ ಹೆಚ್ಚು ಹೊಗಳಿದರು. ನಾನು ಗೋಡೆ ಮುಟ್ಟಿ, ಇನ್ನೂ ಹಸಿಯಿದೆ, ಪೆಟ್ಟಿಗೆ ಅಲಮಾರು ಯಾವುದನ್ನೂ ಗೋಡೆಗೆ ಒತ್ತಿ ಇಡಬೇಡಿ, ಬೂಷ್ಟು ಹಿಡಿದೀತು ಎಂದೆ. ಮಂಗಳದ ಹೊತ್ತಿನಲ್ಲಿ ಬೂಷ್ಟಿನ ಹೆಸರೆತ್ತಿದವನನ್ನು ಅವರ ತಾಯಿ ನೋಡಿದ ನೋಟ ಈಗಲೂ ನೆನಪಿದೆ. ಆಮೇಲೆ ಆ ಮನೆಯಲ್ಲಿ ಮದುವೆ ಮುಂಜಿ ನಡೆದರೂ ನನಗೆ ಕರೆ ಬರಲಿಲ್ಲ. ಬೂಷ್ಟು ಬಂತೆಂದು ಮಾತ್ರ ಬೇರೆಯವರಿಂದ ತಿಳಿಯಿತು. ಕೇಳಿ ದುಃಖಪಟ್ಟೆನೆಂದರೆ ಸುಳ್ಳಾಗುತ್ತದೆ.

ಈ ಚಟ ಹತ್ತಿದ್ದು ಹೊನ್ನಾಳಿಯ ನಮ್ಮ ಮನೆಯಲ್ಲಿ, ಯುದ್ಧದ ಕಾಲದಲ್ಲಿ. ಯುದ್ಧ ಎಲ್ಲೋ ದೂರದಲ್ಲಿತ್ತು. ನಮಗೆ ಸೀಮೆಎಣ್ಣೆ ಸಿಗದಿದ್ದಾಗ ಮತ್ತು ಬಸ್ಸುಗಳು ಪೆಟ್ರೋಲಿಲ್ಲದೆ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಾಡತೊಡಗಿದಾಗ ಮಾತ್ರ ಅದರ ನೆನಪಾಗುತ್ತಿತ್ತು. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಅವ್ವ ಮತ್ತು ನಾನು. ನಾನು ಊರಿನ ಶಾಲೆಯಲ್ಲಿ ಮೇಷ್ಟ್ರು. ಹುಡುಗರಿಗೆ ಗದರುವುದನ್ನು ಚೆನ್ನಾಗಿ ಕಲಿತಿದ್ದೆ, ಮನೆಯಲ್ಲಿ ಅದು ನಡೆಯುತ್ತಿರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಹೊಳೆ ಊರೊಳಗೆ ಬಂತು. ನಮ್ಮದು ತಗ್ಗಿನ ಕೇರಿ. ಅವ್ವ ಅಕ್ಕಿ ಬೇಳೆಯನ್ನು ಅಟ್ಟಕ್ಕೇರಿಸಿ, ದೇವರನ್ನು ಮಡಿಲಲ್ಲಿಟ್ಟುಕೊಂಡು, ನನ್ನನ್ನು ಮುಂದಿಟ್ಟುಕೊಂಡು ದಿಬ್ಬದ ಮೇಲಿನ ನೆಂಟರ ಮನೆಗೆ ಹೋದಳು. ಹೊಳೆ ನಡುಮನೆಯಲ್ಲಿ ಮೊಣಕಾಲುದ್ದ ನಿಂತು, ತನಗೆ ಬೇಕಾದಷ್ಟು ಹೊತ್ತು ಇದ್ದು ಇಳಿಯಿತು. ಹೋಗುವಾಗ ನಮ್ಮ ಒಂದು ಮೊರವನ್ನೂ ನನ್ನ ಎಡಗಾಲಿನ ಮೆಟ್ಟನ್ನೂ ಒಯ್ದು, ಯಾರದೋ ಮನೆಯ ಮಣೆಯೊಂದನ್ನು ಬಿಟ್ಟುಹೋಗಿತ್ತು. ಮಣೆ ಹಲಸಿನ ಮರದ್ದು, ನಮ್ಮದಕ್ಕಿಂತ ಒಳ್ಳೆಯದು. ಅವ್ವ ಅದರ ವಿಚಾರವಾಗಿ ಊರಲ್ಲಿ ಯಾರನ್ನೂ ಕೇಳಲು ಹೋಗಲಿಲ್ಲ.

ನೀರು ಹೋದ ಮೇಲೆ ಕೆಸರು ಬಳಿದೆವು. ಅಲ್ಲಿಗೆ ಮುಗಿಯಿತೆಂದುಕೊಂಡೆ. ವಾರ ಕಳೆಯುವುದರಲ್ಲಿ ಬೂಷ್ಟು ಬಂತು. ಮೊದಲು ಗಂಗಾಳದ ಗೂಡಿನ ಕೆಳಗೆ ಬೆಳ್ಳಗೆ, ಹಸುಗೂಸಿನ ತಲೆಗೂದಲಿನಷ್ಟು ಮೆತ್ತಗೆ. ಆಮೇಲೆ ಹಾಸಿಗೆಯ ಹಿಂದೆ ಹಸಿರು. ಮೂಲೆಗಳಲ್ಲಿ ಕಪ್ಪು ಚುಕ್ಕೆ. ಉಳಿದಿದ್ದ ಬಲಗಾಲಿನ ಮೆಟ್ಟಿಗೆ ಮೀಸೆ ಬಂತು. ಗೂಟಕ್ಕೆ ಹಾಕಿದ್ದ ನನ್ನ ಕರಿ ಕೋಟು ಒಂದು ಸೋಮವಾರ ಬೂದುಬಣ್ಣಕ್ಕೆ ತಿರುಗಿತ್ತು. ಕೊಡವಿ ಹಾಕಿಕೊಂಡು ಹೋದೆ. ನಾನು ಪಾಠ ಹೇಳುವಾಗ ಮುಂದಿನ ಸಾಲಿನ ಹುಡುಗರೆಲ್ಲ ಸೀನಿದರು.

ಇದೆಲ್ಲ ನಗುವ ಸಂಗತಿಯಾಗಿಯೇ ಉಳಿಯುತ್ತಿತ್ತು, ಜಗಳೂರಿನ ನೀಲಮ್ಮನನ್ನು ನಾನು ನೋಡದೆ ಇದ್ದಿದ್ದರೆ. ಹೊಳೆ ಬರುವ ಮೊದಲಿನ ಬೇಸಿಗೆಯಲ್ಲಿ ಚನ್ನಗಿರಿಯ ನೆಂಟರ ಮದುವೆಯಲ್ಲಿ ಬಡಿಸಲು ನಿಂತಿದ್ದೆ. ಹೆಂಗಸರ ಪಂಕ್ತಿಯಲ್ಲಿ ಒಬ್ಬಳ ಎಲೆಗೆ ಮಾತ್ರ ನನ್ನ ಸೌಟು ಮತ್ತೆ ಮತ್ತೆ ಹೋಗುತ್ತಿತ್ತು. ಕೊನೆಗೆ ಆಕೆ ಎರಡೂ ಕೈಯಿಂದ ಎಲೆ ಮುಚ್ಚಿಕೊಂಡು, ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಇಡೀ ಸಾಲು ನಕ್ಕಿತು. ಏನು ಹೇಳಿದಳೆಂದು ನನಗೆ ಗೊತ್ತಾಗಲಿಲ್ಲ, ಆದರೆ ಆ ನಗುವನ್ನು ಜೀವಮಾನವೆಲ್ಲ ಕೇಳಬೇಕೆಂದು ಅಲ್ಲೇ ಅನ್ನಿಸಿತು. ಅವ್ವನಿಗೆ ಹೇಳಿದೆ. ಜಗಳೂರಿಗೆ ಹೋಗಿ ಹೆಣ್ಣು ನೋಡುವ ಶಾಸ್ತ್ರವೂ ಆಯಿತು. ಬಟ್ಟಂಬಯಲು, ಕುರಿ ಹಿಂಡು, ಕೆಂಪು ಧೂಳು. ಕಾಲು ತೊಳೆಯಲು ನಮ್ಮೆಲ್ಲರಿಗೂ ಸೇರಿ ಒಂದೇ ಚೊಂಬು ನೀರು ಕೊಟ್ಟರು. ಹೊಳೆದಂಡೆಯವನಾದ ನಾನು ಮೊದಲಿಗನಾಗಿ ಅಷ್ಟನ್ನೂ ಒಂದೇ ಕಾಲಿಗೆ ಸುರಿದುಕೊಂಡು ಎಲ್ಲರ ಕಣ್ಣಿಗೆ ಬಿದ್ದೆ. ಒಳಗಿನಿಂದ ಅದೇ ನಗು ಕೇಳಿಸಿತು.

ಇನ್ನುಳಿದದ್ದು ಮನೆ ನೋಡುವ ಶಾಸ್ತ್ರ. ಹೆಣ್ಣಿನ ಕಡೆಯವರು ಬಂದು ಗಂಡಿನ ಮನೆಯನ್ನು ಕಣ್ಣಾರೆ ಕಂಡು ಹೋದ ಮೇಲೇ ಮಾತು ಮುಂದುವರಿಯುವುದು. ನೀಲಮ್ಮನ ತಂದೆ ಗುರುಶಾಂತಪ್ಪನವರು ಗೌರಿಹಬ್ಬ ಕಳೆಯುತ್ತಲೇ ಬರುತ್ತಾರೆಂದು ನ್ಯಾಮತಿಯಿಂದ ನನ್ನ ಸೋದರಮಾವ ಚನ್ನಬಸಪ್ಪ ಸುದ್ದಿ ತಂದರು. ಅಪ್ಪ ಹೋದ ಮೇಲೆ ನಮ್ಮ ಮನೆಯ ಹಿರಿತನವನ್ನು ಅವರು ಯಾರೂ ಕೇಳದೆ ವಹಿಸಿಕೊಂಡಿದ್ದರು. ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡು, ಈ ವಾಸನೆಯಲ್ಲಿ ಆ ಮನುಷ್ಯ ಹೆಣ್ಣು ಕೊಟ್ಟ ಹಾಗೇ ಇದೆ ಎಂದರು.

ಮಾವನ ಭಯಕ್ಕೆ ಕಾರಣವಿತ್ತು. ಗುರುಶಾಂತಪ್ಪನವರು ಶೇಂಗಾ ವ್ಯಾಪಾರಿ, ಮತ್ತು ಅವರ ಮೂಗು ದಾವಣಗೆರೆ ಪೇಟೆಯವರೆಗೂ ಹೆಸರಾಗಿತ್ತು. ತೇವ ತಗುಲಿದ ಶೇಂಗಾ ಹೊರಗೆ ಎಷ್ಟೇ ಗರಿಗರಿಯಾಗಿ ಕಂಡರೂ ಒಳಗೆ ಬೂಷ್ಟು ಕಟ್ಟಿರುತ್ತದೆ. ಗುರುಶಾಂತಪ್ಪನವರು ಚೀಲದಿಂದ ಒಂದು ಹಿಡಿ ತೆಗೆದು ಮೂಗಿಗೆ ಹಿಡಿಯುತ್ತಿದ್ದರಂತೆ. ಅಲ್ಲೇನೂ ಹೇಳುತ್ತಿರಲಿಲ್ಲವಂತೆ. ಶಲ್ಯದ ಸೆರಗಿಗೆ ಗಂಟು ಹಾಕಿ ಮನೆಗೆ ಒಯ್ದು, ಮಾರನೆಯ ಬೆಳಿಗ್ಗೆ ಬಂದು ಬೇಕು ಅಥವಾ ಬೇಡ ಎನ್ನುವರಂತೆ. ಆ ಮಾತು ಎಂದೂ ತಪ್ಪಿದ್ದಿಲ್ಲವಂತೆ. ಶೇಂಗಾದ ಮೂಗು ಗೋಡೆಯನ್ನು ಬಿಟ್ಟೀತೆ ಎಂದು ನನಗೆ ಅನ್ನ ಸೇರದಾಯಿತು.

ಅವ್ವನಿಗೆ ಮಾತ್ರ ಏನು ಮಾಡಬೇಕೆಂಬುದರಲ್ಲಿ ಸಂಶಯವಿರಲಿಲ್ಲ. ಅವಳು ಹೊಳೆದಂಡೆಯಲ್ಲೇ ಹುಟ್ಟಿದವಳು. ಸಾಮಾನೆಲ್ಲ ಅಂಗಳಕ್ಕೆ ಹೋಗಬೇಕು, ಗೋಡೆಗೆ ಒಂದು ಕಡ್ಡಿಯೂ ತಾಗಿರಬಾರದು, ನೀರು ಏರಿದ್ದ ಗುರುತಿನವರೆಗೂ ಹಳೆಯ ಗಾರೆ ಕೆತ್ತಬೇಕು, ಬಾಗಿಲು ಕಿಟಕಿ ತೆರೆದು ಗಾಳಿ ಆಡಿಸಬೇಕು, ಒಣಗುವವರೆಗೆ ಮೇಲೇನನ್ನೂ ಬಳಿಯಬಾರದು. ಇದು ಅವಳ ಕ್ರಮ. ಮಾವ ಎದೆ ತಟ್ಟಿಕೊಂಡು, ಅಷ್ಟೆಲ್ಲ ಮಾಡಲು ದಿನವೆಲ್ಲಿದೆ, ಕೆತ್ತಿದ ಗೋಡೆ ತೋರಿಸಿ ಹೆಣ್ಣು ಕೇಳುವುದೇ, ಬೂಷ್ಟನ್ನು ಕೆರೆದು ದಪ್ಪಗೆ ಸುಣ್ಣ ಹೊಡೆಸಿಬಿಡೋಣ ಎಂದರು.

"ಹಸಿ ಗೋಡೆಗೆ ಸುಣ್ಣ ಬಳಿದ್ರೆ ಒಳಗಿನ ನೀರು ಎಲ್ಲಿಗೆ ಹೋಗ್ಬೇಕಣ್ಣ?" ಎಂದಳು ಅವ್ವ.

"ಮದುವೆ ಆಗೋತನ ಒಳಗೇ ಇರಲಿ ಬಿಡು," ಎಂದರು ಮಾವ.

ಇಬ್ಬರೂ ನನ್ನ ಕಡೆ ನೋಡಿದರು. ಪ್ರೀತಿಯಲ್ಲಿ ಬಿದ್ದವನಿಗೆ ಗಾಳಿಗಿಂತ ಸುಣ್ಣ ಬೇಗ ಕಾಣುತ್ತದೆ. ನಾನು ಮಾವನ ಕಡೆ ಸೇರಿದೆ. ಅವ್ವ ಹಲಸಿನ ಮಣೆ ತೆಗೆದುಕೊಂಡು ಅಂಗಳಕ್ಕೆ ಹೋಗಿ ಕುಳಿತಳು.

ಸುಣ್ಣವಾಯಿತು. ಮನೆ ಹಬ್ಬದಂತೆ ಬೆಳಗಿತು. ನಾಲ್ಕೈದು ದಿನದಲ್ಲಿ ಸುಣ್ಣದ ಕೆಳಗಿನಿಂದ ಹಸಿರು ಇಣುಕತೊಡಗಿತು, ಅದೂ ನೆಂಟರು ಕೂರುವ ನಡುಮನೆಯ ಗೋಡೆಯಲ್ಲೇ. ಮಾವ ಎದೆಗುಂದುವವರಲ್ಲ. ಎಲ್ಲಿಂದಲೋ ಒಳ್ಳೊಳ್ಳೆಯ ಕರಿ ಕಂಬಳಿಗಳನ್ನು ಎರವಲು ತಂದು, ಆ ಗೋಡೆಯ ಉದ್ದಕ್ಕೂ ಮೊಳೆ ಹೊಡೆದು ನೆಲದವರೆಗೆ ಇಳಿಬಿಟ್ಟರು. ಜಗಳೂರಿನವರು ಕುರಿಯ ಸೀಮೆಯವರು, ಕಂಬಳಿ ಕಂಡರೆ ಅವರಿಗೆ ಮನೆಯಲ್ಲೇ ಇದ್ದ ಹಾಗಾಗುತ್ತದೆ ಎಂಬುದು ಅವರ ಲೆಕ್ಕ. ನನಗೂ ಅದು ದೊಡ್ಡ ಬುದ್ಧಿವಂತಿಕೆಯಾಗಿ ಕಂಡಿತು.

ವಾಸನೆಗೂ ಮಾವ ಏರ್ಪಾಟು ಮಾಡಿದ್ದರು. ನೆಂಟರು ಬರುವ ದಿನ ಒಂದು ಮೂಲೆಯಲ್ಲಿ ಬೇವಿನಸೊಪ್ಪಿನ ಹೊಗೆ, ಇನ್ನೊಂದರಲ್ಲಿ ಲೋಬಾನ, ದೇವರ ಮುಂದೆ ಊದುಬತ್ತಿಯ ಕಟ್ಟು, ಅಡಿಗೆಮನೆಯಲ್ಲಿ ಎಣ್ಣೆಗೆ ಬಿದ್ದ ಈರುಳ್ಳಿ ಬಜ್ಜಿ. ಒಂದರ ಮೇಲೊಂದು ಸೇರಿ, ಬೂಷ್ಟೇ ಎಷ್ಟೋ ವಾಸಿಯೆನ್ನಿಸುವಂಥ ವಾಸನೆಯೊಂದು ಹುಟ್ಟಿತು. ಮಾವನೇ ಕೆಮ್ಮುತ್ತ ಹೊರಗೋಡಿದರು. ಬಾಗಿಲಲ್ಲಿ ಗುರುಶಾಂತಪ್ಪನವರು ನಿಂತಿದ್ದರು, ಬಸ್ಸಿನ ಇದ್ದಿಲು ಮಸಿಯನ್ನು ಮುಖದಿಂದ ಒರೆಸಿಕೊಳ್ಳುತ್ತ.

ಎತ್ತರದ ಆಳು, ಮಾತು ಕಡಿಮೆ. ಕೂತ ಕೂಡಲೇ ಸೊಂಟದಿಂದ ಡಬ್ಬಿ ತೆಗೆದು ಎರಡೂ ಹೊಳ್ಳೆಗೆ ನಶ್ಯ ಏರಿಸಿದರು. ಹೊಗೆಯ ಬಗ್ಗೆ ಏನೂ ಅನ್ನಲಿಲ್ಲ, ಬಜ್ಜಿಯ ಬಗ್ಗೆಯೂ ಅನ್ನಲಿಲ್ಲ. ಮಾವ ನನ್ನ ಕಡೆ ಕಣ್ಣು ಮಿಟುಕಿಸಿದರು. ನಾನು ಉಸಿರು ಬಿಡುವಷ್ಟರಲ್ಲಿ ಅವರ ಕಣ್ಣು ಕಂಬಳಿಗಳ ಮೇಲೆ ಹೋಯಿತು. ಎದ್ದು ಹೋಗಿ, ಹೆಣ್ಣುಮಕ್ಕಳು ಸೀರೆ ನೋಡುವಂತೆ ಬೆರಳಲ್ಲಿ ಹಿಡಿದು ಎಳೆ ನೋಡಿದರು. ಅಂಚು ನೋಡಿದರು. ಕಂಬಳಿ ಬಲ್ಲವರು ಹಿಂಬದಿಯ ನೇಯ್ಗೆ ನೋಡದೆ ಬಿಡುವುದಿಲ್ಲವೆಂದು ನನಗೆ ಆಗ ಹೊಳೆಯಿತು. ಕಾಲ ಮಿಂಚಿತ್ತು. ಅವರು ತುದಿ ಹಿಡಿದು ಎತ್ತಿದರು.

ಮುಚ್ಚಿದ ಉಣ್ಣೆಯ ಕೆಳಗೆ ಬೂಷ್ಟು ಯಾವ ಅಡ್ಡಿಯೂ ಇಲ್ಲದೆ ಬೆಳೆದಿತ್ತು. ಗೋಡೆಯೆಲ್ಲ ಹಸಿರು ಮಖಮಲ್ಲು. ಕಂಬಳಿಯ ಹಿಂದೆಯೂ ಅದರ ಅಚ್ಚು. ಮಾವ ಏನೋ ಹೇಳಲು ಬಾಯಿ ತೆರೆದು, ಪುಣ್ಯಕ್ಕೆ ಕೆಮ್ಮಿದರು. ಮಾತಾಡಿದವಳು ಅಡಿಗೆಮನೆಯ ಬಾಗಿಲಲ್ಲಿದ್ದ ಅವ್ವ.

"ಹೊಳೆ ಬಂದಿತ್ತು ರೀ. ಗೋಡೆ ಇನ್ನೂ ಹಸಿ ಐತೆ. ಮುಚ್ಚಬ್ಯಾಡ್ರಿ ಅಂದೆ, ಗಂಡಸರು ಕೇಳಲಿಲ್ಲ."

ಗುರುಶಾಂತಪ್ಪನವರು ಕಂಬಳಿಯನ್ನು ಮೊದಲಿನಂತೆ ಇಳಿಬಿಟ್ಟು ಕೈ ಒರೆಸಿಕೊಂಡರು. "ನಮ್ಮ ಹುಡುಗಿ ಒಣ ಊರಾಗೆ ಬೆಳೆದಾಕೆ ತಾಯಿ. ಈ ಥಂಡಿಗೆ ಎದೆಗೆ ಕೆಮ್ಮು ಹತ್ತಿದ್ರೆ ನಾನೇನು ಮಾಡಾಕೆ ಆಗ್ತತೆ? ಕೆರೆಬಿಳಚಿ ಕಡೆಯವರೂ ಕೇಳ್ಯಾರೆ, ಅವರ ಮನೆನೂ ನೋಡ್ತೀನಿ. ನೀವು ಒಣಗಿಸ್ರಿ. ದೀಪಾವಳಿ ಕಳೆದ ಮ್ಯಾಲೆ ಬರ್ತೀನಿ. ಒಣಗಿದ್ರೆ ಮಾತಾಡಾಣ, ಇಲ್ಲಾಂದ್ರೆ ಇಲ್ಲ."

ಎದೆಯ ಕೆಮ್ಮೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ನನ್ನ ಸಂಕಟ. ಕೆರೆಬಿಳಚಿಯವರೆಂದರೆ ಅಡಿಕೆ ಕುಳಗಳು, ಎತ್ತರದ ಜಾಗದಲ್ಲಿ ಮನೆ. ಅವರ ಗೋಡೆಗೆ ಏನು ಬಂದೀತು?

ಮಾರನೆಯ ದಿನದಿಂದ ನಾನು ಅವ್ವನ ಆಳಾದೆ. ಹೊಡೆಸಿದ ಸುಣ್ಣವನ್ನೂ ಅದರ ಹಿಂದಿನ ಗಾರೆಯನ್ನೂ ಸೊಂಟದೆತ್ತರದವರೆಗೆ ಕೆತ್ತಿ ತೆಗೆದೆ. ಸಾಮಾನೆಲ್ಲ ಅಂಗಳ ತುಂಬಿ ಬೀದಿಗೂ ಬಂದವು; ಹೋಗಿಬರುವವರು ಮನೆ ಹರಾಜಿಗೆ ಬಂದಿದೆಯೇ ಎಂದು ಕೇಳುತ್ತಿದ್ದರು. ಬಿಸಿಲು ಬಂದರೆ ಕಿಟಕಿ ತೆರೆ, ಮೋಡ ಬಂದರೆ ಮುಚ್ಚು. ಶಾಲೆಯಲ್ಲಿ ಗುಣಾಕಾರ ಹೇಳಿಕೊಡುತ್ತಿದ್ದರೂ ನನ್ನ ಕಣ್ಣು ಆಕಾಶದ ಮೇಲೆ. ಒಂದು ತುಂಡು ಮೋಡ ಕಂಡರೆ ಹುಡುಗರೇ, "ಹೋಗಿ ಬರ್ರಿ ಸಾ," ಎಂದು ಬಿಟ್ಟುಕೊಡುತ್ತಿದ್ದರು. ಮೋಡವಿಲ್ಲದ ದಿನವೂ ಕೆಲವರು ಮೋಡ ಕಾಣುತ್ತಿದ್ದರು.

ಮೂಲೆಮೂಲೆಗೆ ಅವ್ವ ಮಡಿಕೆಯಲ್ಲಿ ಸುಟ್ಟ ಸುಣ್ಣದ ಹೆಂಟೆ ಇಟ್ಟಳು. ಅದು ಮನೆಯೊಳಗಿನ ತೇವವನ್ನು ಎಳೆದುಕೊಂಡು ಉಬ್ಬಿ, ಬಿರಿದು, ಕೊನೆಗೆ ಬೆಳ್ಳನೆಯ ಹಿಟ್ಟಾಗುತ್ತಿತ್ತು. ಹಿಟ್ಟಾದದ್ದನ್ನು ಚೆಲ್ಲಿ ಹೊಸ ಹೆಂಟೆ ಇಡಬೇಕು. ಒಂದು ಮುಂಜಾನೆ ನ್ಯಾಮತಿಯಿಂದ ಬಂದ ಮಾವ ಸ್ನಾನ ಮುಗಿಸಿ, ದೇವರ ಗೂಡಿನ ಪಕ್ಕದ ಮಡಿಕೆಯಲ್ಲಿ ಇಷ್ಟೊಂದು ನುಣುಪಾದ ವಿಭೂತಿ ಎಲ್ಲಿಂದ ಬಂತೆಂದು ಸಂತೋಷಪಟ್ಟು, ಒದ್ದೆ ಹಣೆಗೆ ಮೂರು ಬೆರಳಲ್ಲಿ ಎಳೆದುಕೊಂಡು ಪೂಜೆಗೆ ಕೂತರು. ಮಂತ್ರ ದಿನಕ್ಕಿಂತ ಬೇಗ ಬೇಗ ಸಾಗಿತು. ಅರ್ಧಕ್ಕೇ ಎದ್ದು ಹಿತ್ತಲ ಹಂಡೆಗೆ ತಲೆಯಿಟ್ಟರು. ಹಣೆಯ ಮೇಲೆ ಮೂರು ಕೆಂಪು ಪಟ್ಟೆ ಬಹಳ ದಿನ ಉಳಿದವು. ಕಂಡವರು ಭಕ್ತಿಯೆಂದುಕೊಂಡರು, ಮಾವನೂ ಹೌದೆಂದರು.

ಮಳೆ ಹಿಂದಾಯಿತು. ಗಾಳಿ ಒಣಗಿತು. ದಿನವೂ ಬೆಳಿಗ್ಗೆ ಎದ್ದು ಒಂದೊಂದೇ ಗೋಡೆಗೆ ಕೈಯಿಟ್ಟು ನೋಡುವುದೇ ನನ್ನ ಪೂಜೆಯಾಯಿತು. ಒಂದು ಗೋಡೆ ಬೆಚ್ಚಗಾದರೆ ನೀಲಮ್ಮ ಒಂದು ಹೆಜ್ಜೆ ಹತ್ತಿರ ಬಂದಂತೆ ಅನ್ನಿಸುತ್ತಿತ್ತು. ಎಲ್ಲವೂ ಒಣಗಿದವು, ಒಂದು ಮೂಲೆಯ ಹೊರತು. ಅದು ಅಡಿಗೆಮನೆಯ ಆಚೆ, ಭತ್ತದ ಕಣಜದ ಹಿಂದೆ. ತಾತನ ಕಾಲದಲ್ಲಿ ಕಣಜವನ್ನು ಮೊದಲು ಕೂಡಿಸಿ ಆಮೇಲೆ ಬಾಗಿಲು ಕಟ್ಟಿದ್ದರೋ ಏನೋ, ಅದು ಅತ್ತಿತ್ತ ಅಲುಗುತ್ತಿರಲಿಲ್ಲ. ಅಲ್ಲಿ ಕಿಟಕಿಯಿಲ್ಲ. ಕೈ ಹೋಗುವಷ್ಟು ಕೆತ್ತಿದೆ, ಸಂದಿಗೆ ಸುಣ್ಣದ ಮಡಿಕೆ ತುರುಕಿದೆ, ಮೊರದಿಂದ ಗಾಳಿ ಬೀಸಿದೆ. ಕೈಯಿಟ್ಟಾಗಲೆಲ್ಲ ಅದು ತಣ್ಣಗೇ ಇತ್ತು. ಅಷ್ಟು ಒಳಗೆ ಯಾರು ನೋಡುತ್ತಾರೆಂದು ಮಾವ ಧೈರ್ಯ ಹೇಳಿದರು. ಆ ಮನುಷ್ಯ ಅಲ್ಲಿಗೇ ಹೋಗುತ್ತಾನೆಂದು ನನಗೆ ಅಂದೇ ಖಾತ್ರಿಯಾಯಿತು.

ಗುರುಶಾಂತಪ್ಪನವರು ಹೇಳಿದಂತೆ ದೀಪಾವಳಿ ಕಳೆದ ಮೇಲೆ ಬಂದರು. ಈ ಸಲ ಹೊಗೆಯಿಲ್ಲ, ಕಂಬಳಿಯಿಲ್ಲ, ಒಣಗಿದ ಮೇಲೆ ಬಳಿದ ಹೊಸ ಗಾರೆಯ ಗೋಡೆ, ತೆರೆದ ಕಿಟಕಿ. ನಡುಮನೆಯ ಗೋಡೆಗಳಿಗೆ ಕೈಯಿಟ್ಟು ತಲೆಯಾಡಿಸಿದರು. ಪಡಸಾಲೆ ನೋಡಿದರು. ಅಡಿಗೆಮನೆ ನೋಡಿದರು. ಆಮೇಲೆ, ದಾರಿ ಗೊತ್ತಿದ್ದವರಂತೆ ನೆಟ್ಟಗೆ ಕಣಜದ ಬಳಿ ಹೋಗಿ, ತಮ್ಮ ಉದ್ದನೆಯ ಕೈಯನ್ನು ಅದರ ಹಿಂದೆ ಇಳಿಸಿ ಹೆಬ್ಬೆರಳಿನಿಂದ ಗೋಡೆಯ ಒಂದು ಚೂರು ಮುರಿದು ತೆಗೆದರು. ಮೂಗಿಗೆ ಹಿಡಿದರು. ಏನೂ ಹೇಳದೆ ಶಲ್ಯದ ಸೆರಗಿಗೆ ಗಂಟು ಹಾಕಿಕೊಂಡರು. ಅವ್ವ ಬಡಿಸಿದ ಶಾವಿಗೆ ಪಾಯಸ ಉಂಡು, ತಿಳಿಸುತ್ತೇನೆಂದು ಹೇಳಿ ಬಸ್ಸು ಹತ್ತಿದರು.

ನಮ್ಮ ಮನೆಯ ಗೋಡೆ ಜಗಳೂರಿಗೆ ಹೋಯಿತು. ಅದರ ಜೊತೆಗೆ ನನ್ನ ಆಸೆಯೂ ಹೋಯಿತೆಂದೇ ತಿಳಿದೆ. ಎಲ್ಲ ಗೋಡೆ ಒಣಗಿಸಿಯೂ ಒಂದು ಮೂಲೆಗೆ ಸೋತೆನಲ್ಲ ಎಂದು ಅಳು ಬಂತು. ಇಪ್ಪತ್ತು ದಾಟಿದ ಮೇಷ್ಟ್ರು ಕಣಜಕ್ಕೆ ಹಣೆ ಹಚ್ಚಿ ಅತ್ತದ್ದನ್ನು ಅವ್ವ ನೋಡಿಯೂ ನೋಡದಂತೆ ಹೋದಳು. ಮಾವ ದಾವಣಗೆರೆ ಪೇಟೆಯಿಂದ ಸುದ್ದಿ ತಂದ ದಿನ ನಾನು ಅವರ ಮುಖವನ್ನೇ ನೋಡಲಿಲ್ಲ. ಅವರು ಬೆಲ್ಲದ ಚೂರನ್ನು ನನ್ನ ಬಾಯಿಗೆ ತುರುಕಿದ ಮೇಲೆ ತಿಳಿಯಿತು: ಒಪ್ಪಿದ್ದಾರೆ.

ಇದೆಲ್ಲ ತಮ್ಮ ಕಂಬಳಿಯ ಪ್ರಭಾವವೆಂದು ಮಾವ ಮದುವೆ ಚಪ್ಪರದ ತುಂಬ ಹೇಳಿಕೊಂಡು ತಿರುಗಿದರು. ನಾನು ಸುಣ್ಣದ ಮಡಿಕೆಗಳ ಮಹಿಮೆಯೆಂದುಕೊಂಡೆ. ಸೆರಗಿನ ಗಂಟಿನಲ್ಲಿ, ಬಿಸಿಲಿನ ದಾರಿಯಲ್ಲಿ, ಚೂರು ತಾನಾಗಿಯೇ ಒಣಗಿರಬೇಕೆಂದೂ ಒಂದು ವಿಚಾರ ಮಾಡಿದೆ. ನೀಲಮ್ಮ ಹೊನ್ನಾಳಿಗೆ ಬಂದಳು. ಮೊದಲ ದಿನ ಹೊಳೆಗೆ ಹೋಗಿ, ಇಷ್ಟು ನೀರನ್ನು ಯಾರೂ ಕೇಳುವವರೇ ಇಲ್ಲವೇ ಎಂದು ಅವ್ವನನ್ನು ಕೇಳಿದಳಂತೆ.

ಮದುವೆಯ ನಂತರದ ಬೇಸಿಗೆಯ ಒಂದು ಮಧ್ಯಾಹ್ನ ಆಕೆ ಕಣಜದ ಬಳಿ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ ಹಿಂದಕ್ಕೆ ಬಗ್ಗಿ, "ಇದೇನಾ ಆ ಮೂಲೆ?" ಎಂದಳು. ಯಾವ ಮೂಲೆ ಎಂದೆ. ತನ್ನ ಅಪ್ಪನಿಗೆ ವರ್ಷಗಟ್ಟಲೆಯ ನಶ್ಯದಿಂದ ಮೂಗು ಸತ್ತುಹೋಗಿದೆ, ಮಗ್ಗುಲಲ್ಲಿ ಹಾಲು ಹತ್ತಿದರೂ ಗೊತ್ತಾಗುವುದಿಲ್ಲ, ಪೇಟೆಯಿಂದ ಗಂಟಿನಲ್ಲಿ ಬರುತ್ತಿದ್ದ ಶೇಂಗಾವನ್ನೆಲ್ಲ ಚಿಕ್ಕಂದಿನಿಂದ ಮೂಸಿ ಹೇಳುತ್ತಿದ್ದವಳು ತಾನೇ ಎಂದಳು. ಲೋಬಾನ, ಊದುಬತ್ತಿ, ಬಜ್ಜಿ ಎಲ್ಲವೂ ನನ್ನ ಕಣ್ಣ ಮುಂದೆ ಬಂದು ಹೋದವು.

ಹಾಗಾದರೆ ನಮ್ಮ ಗೋಡೆಯ ಚೂರನ್ನು ಮೂಸಿದವಳೂ ಈಕೆಯೇ. ಏನು ಹೇಳಿದೆ ಎಂದು ಕೇಳಿದೆ.

"ಒಣಗೈತೆ ಅಂದೆ."

ನಾನು ಎದೆಯುಬ್ಬಿಸಿ ಸುಣ್ಣದ ಮಡಿಕೆಗಳ ಕಥೆ ಶುರುಮಾಡಿದೆ. ಆಕೆ ಬಾಯಿಗೆ ಸೆರಗು ಒತ್ತಿಕೊಂಡು, ಚನ್ನಗಿರಿಯ ಪಂಕ್ತಿಯಲ್ಲಿ ಕೇಳಿದ್ದ ಅದೇ ನಗು ನಕ್ಕಳು. ಗಂಟು ಬಿಚ್ಚುವ ಮೊದಲೇ ಬೂಷ್ಟು ಘಮ್ಮೆಂದಿತ್ತಂತೆ, ಕೈ ತೊಳೆದರೂ ವಾಸನೆ ಹೋಗಿರಲಿಲ್ಲವಂತೆ. ಮತ್ತೆ ಹಾಗೇಕೆ ಹೇಳಿದೆ ಎಂದೆ. ನೀಲಮ್ಮ ಪೊರಕೆ ಎತ್ತಿಕೊಂಡು ಮತ್ತೆ ಗುಡಿಸತೊಡಗಿದಳು.

"ಅದಕ್ಕೂ ಮುಂಚೆ ಕೆರೆಬಿಳಚಿಯವರ ಗೋಡೆ ಬಂದಿತ್ತು ರೀ. ಹಪ್ಪಳದಂಗೆ ಒಣಗಿತ್ತು. ಅದಕ್ಕೆ ಬೂಷ್ಟು ಹಿಡಿದೈತೆ ಅಂದುಬಿಟ್ಟಿದ್ದೆ. ಇನ್ನ ನಿಮ್ಮದಕ್ಕೆ ಏನಂತ ಹೇಳ್ಲಿ?"